ಆಯಾ ಚಿಕ್ಕಮ್ಮ ಹೇಳಿದ ಮೊದಲ ಪಾಠ

ಅಮ್ಮಾ,

ನೀನು ಹೋಗಿ ಎರಡು ವರ್ಷವಾದರೂ ಇದನ್ನು ನಿನಗೇ ಹೇಳಬೇಕು. ಇವತ್ತು ನಮ್ಮ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆ ಮೊದಲ ಪಾಠ ಹೇಳಿದವಳು ನಿನ್ನ ಜೊತೆ ವಾರ್ಡು ಗುಡಿಸಿದ ಆಯಾ ಚಿಕ್ಕಮ್ಮ! "ಗುಡಿಸೋರು ಓದಿದೋರಿಗೆ ಕಲಿಸೋದಾ?" ಎಂದಿದ್ದ ದೊಡ್ಡ ಡಾಕ್ಟರ ಜೊತೆ ಮೂರು ತಿಂಗಳು ಜಗಳವಾಡಿ ಗೆದ್ದೆ. ಕೊನೆಗೆ ಇವತ್ತಿನ ಪಾಠಕ್ಕೆ ಅವರೇ ರೋಗಿಯಂತೆ ಮಂಚದ ಮೇಲೆ ಮಲಗಿದರು.

ಅವರನ್ನು ಮಗ್ಗುಲು ತಿರುಗಿಸಲು ಹೋದ ಹುಡುಗಿಗೆ ಚಿಕ್ಕಮ್ಮ ಗದರಿದಳು: "ಏನ್ ಡಾಕ್ಟ್ರೇ, ಮೂಟೆ ಉರುಳಿಸ್ತಿದ್ದೀರಾ? ಮೊದ್ಲು ಮಾತಾಡ್ಸಿ, ಆಮೇಲೆ ಮುಟ್ಟಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು, ದೊಡ್ಡ ಡಾಕ್ಟರೂ.

"ನಂಗಿದನ್ನ ಕಲಿಸಿದ್ದು ನಿಮ್ಮ ಈ ಮೇಡಂ ಅವರ ಅಮ್ಮ," ಎಂದಳು ಚಿಕ್ಕಮ್ಮ, ನನ್ನತ್ತ ಕೈ ತೋರಿಸಿ.

ನಾನು ಡಾಕ್ಟರ್ ತರಬೇತಿಗೆ ಬಂದ ಮೊದಲ ದಿನ, ವಾರ್ಡಿನ ಇದೇ ಬಾಗಿಲಲ್ಲಿ ನೆಲ ಒರೆಸುತ್ತಿದ್ದ ನೀನು ನಕ್ಕಾಗ, ಗುರುತೇ ಇಲ್ಲದವಳಂತೆ ಪುಸ್ತಕ ನೋಡುತ್ತ ದಾಟಿದ್ದೆ. ಇವತ್ತು ಆ ಬಾಗಿಲಿಗೂ ಕೇಳುವಂತೆ ಕೂಗಿದೆ: "ಹೌದು, ನಮ್ಮಮ್ಮ!"