ಇಪ್ಪತ್ತೈದು ಸಿಸಿ

ಕೊಟ್ಟೂರು
೧೪ ಜುಲೈ ೨೦೨೪, ಭಾನುವಾರ

ತೀರ್ಥರೂಪ ಅಪ್ಪಾ ಅವರಿಗೆ ಮಗ ಗವಿಸಿದ್ದೇಶ್ ಮಾಡುವ ಶರಣಾರ್ಥಿ.

ಮೊಣಕಾಲು ನೋವು ಹೇಗಿದೆ? ಶುಗರ್ ಮಾತ್ರೆ ಊಟಕ್ಕೆ ಮೊದಲೇ ತೆಗೆದುಕೊಳ್ಳಿ; ಮರೆತು ಆಮೇಲೆ ಎರಡೆರಡು ನುಂಗುವ ನಿಮ್ಮ ಲೆಕ್ಕ ಬೇಡ. ನಾನು ಫೋನ್ ಮಾಡಿದಾಗಲೆಲ್ಲ ದಾಕ್ಷಾಯಣಮ್ಮ ಅತ್ತೆಯೇ ಎತ್ತುತ್ತಾರೆ, ನೀವು ಭೀಮೇಶ್ವರನ ಗುಡಿಗೆ ಹೋಗಿದ್ದೀರಿ ಎನ್ನುತ್ತಾರೆ. ಅಮ್ಮ ಇದ್ದಾಗ ಸೋಮವಾರ ಕೂಡ ನಿಮ್ಮನ್ನು ಗುಡಿಗೆ ಎಳೆದುಕೊಂಡು ಹೋಗಬೇಕಿತ್ತು. ಈಗ ದಿನಕ್ಕೆ ಮೂರು ಸಲ ಹೋಗುತ್ತೀರಿ ಎಂದರೆ ನಾನು ನಂಬುವುದಿಲ್ಲ. ನನ್ನ ದನಿ ಕೇಳಲು ನಿಮಗೆ ಮನಸ್ಸಿಲ್ಲ, ಅಷ್ಟೇ. ಅದಕ್ಕೇ ಈ ಪತ್ರ. ಶಾಲೆ ಬಿಟ್ಟ ಮೇಲೆ ನಾನು ಇಷ್ಟು ಉದ್ದ ಬರೆದಿಲ್ಲ, ಅಕ್ಷರ ನೋಡಿ ಬೈಯಬೇಡಿ. ಬೈದರೂ ಸರಿ, ಇಲ್ಲಿಗೆ ಬಂದು ಬೈಯಿರಿ.

ಗ್ಯಾರೇಜು ನಡೆಯುತ್ತಿದೆ. ಮಳೆ ಚೆನ್ನಾಗಿ ಬಿದ್ದಿದ್ದರಿಂದ ಟ್ರ್ಯಾಕ್ಟರುಗಳಿಗೆ ಬಿಡುವಿಲ್ಲ, ನನಗೂ ಇಲ್ಲ. ಆದರೂ ನೀವು ಹೋಗಿ ನಲವತ್ತು ದಿನವಾಯಿತು, ಒಂದು ದಿನವೂ ಬೇಗ ಮುಗಿದಿಲ್ಲ. ನಿಮ್ಮ ಮರದ ಸ್ಟೂಲನ್ನು ಯಾರಿಗೂ ಕೂರಲು ಕೊಟ್ಟಿಲ್ಲ. ಹತ್ತೂವರೆಗೆ ಮರುಳಸಿದ್ದಮ್ಮ ಟೀ ತರುತ್ತಾಳೆ. ಇಷ್ಟು ವರ್ಷ ನಾವಿಬ್ಬರೂ ಬೈಟು ಕುಡಿದವರು. ಒಬ್ಬನೇ ಬೈಟು ಕೇಳಲಾಗುತ್ತದೆಯೇ? ಪೂರ್ತಿ ಟೀ ತೆಗೆದುಕೊಳ್ಳುತ್ತೇನೆ, ಅರ್ಧ ಉಳಿಯುತ್ತದೆ. ಮೊದಮೊದಲು ಅವಳು ಯಜಮಾನರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಳು. ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ಕೇಳುತ್ತಿದ್ದಾಗಲೇ ಚೆನ್ನಾಗಿತ್ತು ಅನಿಸುತ್ತದೆ.

ಹಿರೇಹಡಗಲಿಯ ಬೀರಲಿಂಗೇಶನ ಟ್ರ್ಯಾಕ್ಟರ್ ಸರಿಯಾಯಿತು. ನೀವು ಹೋದ ವಾರದಲ್ಲೇ ಸರಿಯಾದ ಪಿಸ್ಟನ್ ರಿಂಗ್ ತರಿಸಿ ಹಾಕಿದೆ. ಈಗ ಹೊಗೆ ಇಲ್ಲ, ಎಣ್ಣೆ ಕುಡಿಯುವುದಿಲ್ಲ, ಎರೆಹೊಲದಲ್ಲೂ ಸಲೀಸಾಗಿ ಎಳೆಯುತ್ತದೆ. ಅಂದು ನಾನು ಏನು ಮಾಡಿದ್ದೆ ಎಂದು ನಿಮಗೆ ಗೊತ್ತೇ ಇದೆ, ಆದರೂ ನನ್ನ ಬಾಯಿಂದಲೇ ಕೇಳಿ. ನೀವು ಹರಪನಹಳ್ಳಿಗೆ ಮದುವೆಗೆ ಹೋಗಿದ್ದಿರಿ. ಇಂಜಿನ್ ಬ್ಲಾಕಿನ ಮೇಲೆ ಡಿಎಸ್-೩ ಎಂದು ಎರಕದಲ್ಲೇ ಬಂದಿತ್ತು. ನಾನು ಆ ಹೆಸರನ್ನು ಫೋನಿನಲ್ಲಿ ಹುಡುಕಿ, ಸಿಲಿಂಡರಿನ ಬೋರು ತೊಂಬತ್ತೈದು ಮಿಲಿಮೀಟರ್ ಅಗಲ ಎಂದು ಓದಿ, ಕಂಪನಿ ಅಳತೆಯ ರಿಂಗ್ ತರಿಸಿ ಹಾಕಿ ಕಳಿಸಿದೆ. ರಿಂಗನ್ನು ಬೋರಿನೊಳಗೆ ಬಿಟ್ಟು ಅದರ ಎರಡು ತುದಿಗಳ ನಡುವೆ ಬಾಯಿ ಎಷ್ಟು ತೆರೆದಿದೆ ಎಂದು ನೋಡಲಿಲ್ಲ. ಎರಡು ನಿಮಿಷದ ಕೆಲಸ. ಮೂರು ವರ್ಷದ ಹಿಂದೆ ನೀವೇ ಅದನ್ನು ಅರ್ಧ ಮಿಲಿಮೀಟರ್ ಅಗಲವಾಗುವಂತೆ ಬೋರ್ ಮಾಡಿ ದೊಡ್ಡ ಪಿಸ್ಟನ್ ಹಾಕಿದ್ದಿರಿ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ನೀವು ನೂರು ಸಲ ಹೇಳಿದ್ದಿರಿ: "ಹೆಸರು ನೋಡಿ ಸಾಮಾನು ತರಬ್ಯಾಡಲೇ, ಅಳತಿ ನೋಡಿ ತಗಂಬಾ. ಹೆಸರು, ಇಂಜಿನ್ ಯಾವ ಮನ್ಯಾಗ ಹುಟ್ಟೈತಿ ಅಂತ ಅಷ್ಟ ಹೇಳತೈತಿ. ಅಣ್ಣನ ಅಂಗಿ ತಮ್ಮಗ ಬರತೈತೇನು?" ನಾನು ನಗುತ್ತಿದ್ದೆ, ಫೋನಿನಲ್ಲಿ ಎಲ್ಲ ಇದೆ ಎನ್ನುತ್ತಿದ್ದೆ. ಈಗ ಸಂಜೆ ಷಟರ್ ಎಳೆದ ಮೇಲೆ ಮಾತಾಡಲು ಯಾರೂ ಇಲ್ಲದ ಕಾರಣ ಲೆಕ್ಕ ಮಾಡುತ್ತ ಕೂರುತ್ತೇನೆ. ಬೋರಿನ ಅರ್ಧವನ್ನು ಅದರಿಂದಲೇ ಗುಣಿಸಿ, ಮೂರು ಪಾಯಿಂಟ್ ಒಂದು ನಾಲ್ಕರಿಂದ ಗುಣಿಸಿ, ಪಿಸ್ಟನ್ ಇಳಿಯುವಷ್ಟು ಉದ್ದದಿಂದ ಗುಣಿಸಿದರೆ ಒಂದು ಸಿಲಿಂಡರಿನ ಸಿಸಿ. ಹಾಗೆ ಮೂರು ಸಿಲಿಂಡರು. ಡಿಎಸ್-೩ ಮನೆತನದ ಅಣ್ಣನಿಗೆ ಬೋರು ನೂರು, ಅವನು ಎರಡು ಸಾವಿರದ ಐನೂರು ದಾಟುತ್ತಾನೆ. ತಮ್ಮ ತೊಂಬತ್ತೈದು, ಎರಡು ಸಾವಿರದ ಮುನ್ನೂರ ಮೂವತ್ತೊಂಬತ್ತು. ಬೀರಲಿಂಗೇಶನದು ತಮ್ಮನ ಜಾತಿಯದು, ನಿಮ್ಮ ಕೈಯಲ್ಲಿ ಬೋರಾದ ಮೇಲೆ ಎರಡು ಸಾವಿರದ ಮುನ್ನೂರ ಅರವತ್ನಾಲ್ಕು. ಹೆಚ್ಚಾದದ್ದು ಇಪ್ಪತ್ತೈದು ಸಿಸಿ. ಅದು ಎಷ್ಟಿರಬಹುದು ಎಂದು ಮೆಡಿಕಲ್ಲಿನಿಂದ ಸಿರಿಂಜು ತಂದು ಮರುಳಸಿದ್ದಮ್ಮನ ಲೋಟಕ್ಕೆ ನೀರು ಬಿಟ್ಟು ನೋಡಿದೆ. ನಮ್ಮ ಬೈಟು ಟೀಯಲ್ಲಿ ಅರ್ಧ, ಅಷ್ಟೇ. ಅಷ್ಟಕ್ಕೆ ನಾನು ನಿಮ್ಮನ್ನು ಕಳೆದುಕೊಂಡು ಕೂತಿದ್ದೇನೆ.

ಟ್ರ್ಯಾಕ್ಟರ್ ಹೊಗೆ ಬಿಡುತ್ತ ವಾಪಸು ಬಂದ ಮರುದಿನ ಬೀರಲಿಂಗೇಶ ನಾಲ್ಕು ಜನರ ಮುಂದೆ ಕೂಗಾಡಿದಾಗ ನಾನು, ಬ್ಲಾಕಿನ ಮೇಲೆ ಗುರುತೇ ಇಲ್ಲ, ಅಪ್ಪ ಹೊಡೆಯುವುದು ಮರೆತಿದ್ದಾನೆ, ನನಗೆ ಹೇಗೆ ಗೊತ್ತಾಗಬೇಕು ಎಂದುಬಿಟ್ಟೆ. ಬೋರ್ ಮಾಡಿದ ಪ್ರತಿ ಬ್ಲಾಕಿಗೂ ನೀವು ಉಳಿಯಿಂದ ವಿಭೂತಿಯ ಮೂರು ಗೆರೆ ಹೊಡೆದು, ಪಕ್ಕದಲ್ಲಿ ಎಷ್ಟು ಬೋರ್ ಎಂದು ಅಂಕಿ ಹೊಡೆಯುತ್ತೀರಿ, ಅರ್ಧ ಮಿಲಿಮೀಟರ್ ಆದರೆ ಐವತ್ತು. ಈ ಐದು ತಾಲ್ಲೂಕಿನಲ್ಲಿ ಮೂರು ಗೆರೆ ಕಂಡರೆ ಬೆನಕಪ್ಪನ ಕೈ ಎಂದು ಬೇರೆ ಮೇಸ್ತ್ರಿಗಳೂ ಹೇಳುತ್ತಾರೆ. ನೀವು ನನ್ನ ಮೇಲೆ ರೇಗಲಿಲ್ಲ. ಕನ್ನಡಕ ಒರೆಸಿಕೊಂಡು ಬ್ಲಾಕಿನ ಪಕ್ಕವನ್ನೆಲ್ಲ ಹೆಬ್ಬೆರಳಿನಿಂದ ಸವರಿ ನೋಡಿದಿರಿ. "ಹೊಡದಿದ್ನಲ್ಲಲೇ" ಎಂದಿರಿ. ಎರಡನೇ ಸಲ ಸವರಿ "ಹೊಡದಿಲ್ಲೇನೋ" ಎಂದಿರಿ. ಮರುದಿನ ಬೆಳಿಗ್ಗೆ ಬೋರು ಅಳೆಯುವ ಗೇಜನ್ನು ಡಬ್ಬಿಯಲ್ಲಿಟ್ಟು, ಅದನ್ನು ನನ್ನ ಕೈಗೆ ಕೊಟ್ಟು, ಅತ್ತೆಯ ಮನೆಗೆಂದು ಹರಪನಹಳ್ಳಿ ಬಸ್ಸು ಹತ್ತಿದಿರಿ. ನೀವು ಸಿಟ್ಟಿನಿಂದ ಹೋದಿರಿ ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಮೊನ್ನೆ ಅತ್ತೆ ಫೋನಿನಲ್ಲಿ ಒಂದು ಮಾತು ಹೇಳಿದರು. ಊರಿನ ಯಾರೋ ಪಂಪಿನ ಇಂಜಿನ್ ತಂದು ನಿಮ್ಮ ಮುಂದಿಟ್ಟರಂತೆ. ನೀವು ಪಾನಾ ಕೂಡ ಮುಟ್ಟದೆ "ನನ್ನ ಕೈ ನಂಬಬ್ಯಾಡ್ರಿ, ನೆನಪು ಹೊಂಟೈತಿ" ಎಂದಿರಂತೆ. ಆಮೇಲೆ ಅತ್ತೆ ಬೇರೆ ಏನೇನೋ ಹೇಳಿದರು, ಒಂದೂ ಕಿವಿಗೆ ಬೀಳಲಿಲ್ಲ. ಅಪ್ಪಾ, ಗುರುತು ಇರಲಿ, ಇಲ್ಲದಿರಲಿ, ಅಳತೆ ಮಾಡಬೇಕಿದ್ದವನು ನಾನು. ತಪ್ಪು ನನ್ನದು. ಇದನ್ನು ಬೀರಲಿಂಗೇಶನಿಗೂ ಹೇಳಿದ್ದೇನೆ. ಅವನು "ಯಜಮಾನ್ರಿಗೆ ಬರಾಕ ಹೇಳ್ರಿ" ಎಂದ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ನನ್ನನ್ನು ಹರಸಲು ಮನಸ್ಸು ಬಂದ ದಿನ ಹರಸಿ, ಅಲ್ಲಿಯವರೆಗೆ ನಾನು ಇಲ್ಲಿಯೇ ಇರುತ್ತೇನೆ.

ನಿಮ್ಮ ಮಗ,
ಗವಿಸಿದ್ದೇಶ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಟ್ರ್ಯಾಕ್ಟರ್ ಹೊಗೆ ಬಿಡುತ್ತ ವಾಪಸು ಬಂದ ಸಂಜೆ ನಾನು ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಜಿಡ್ಡಿನ ಕೆಳಗೆ ಗುರುತು ಕಂಡಿತು. ನಿಮ್ಮ ಮುಂದೆ ಸೋಲಲು ಆಗದೆ, ಅದರ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಬಳಿದೆ. ಮರುದಿನ ನೀವು ಹೆಬ್ಬೆರಳಿನಿಂದ ಸವರಿದ್ದು ಅದರ ಮೇಲೆಯೇ. ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನೆ ಹಿರೇಹಡಗಲಿಗೆ ಹೋಗಿ, ಬೀರಲಿಂಗೇಶನ ಎದುರಿಗೇ ಅದನ್ನು ಕೆರೆದು ತೆಗೆದು ಬಂದೆ. ಮೂರು ಗೆರೆ, ಪಕ್ಕದಲ್ಲಿ ಐವತ್ತು. ನೀವು ಮರೆತಿರಲಿಲ್ಲ ಅಪ್ಪಾ.