ಆಪರೇಷನ್ ಕೋಣೆಯ ಒಳಗೆ ಅಂಟಿಸಿದ ಆದೇಶ

ಆಪರೇಷನ್ ದಿನ ಗೊತ್ತುಮಾಡುವ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ಕೆಳಗೆ ಬರೆದಿರುವ ಕಥೆಯನ್ನು ಮೊದಲು ಹೇಳಿದವರು ನಿಮ್ಮ ಆಸ್ಪತ್ರೆಯ ಸಿಸ್ಟರ್ ಮೆಹರುನ್ನೀಸಾ. ಹೋದ ಭಾನುವಾರ ಸಂಜೆ, ಹಲಸೂರಿನ ನಮ್ಮ ವಠಾರದಲ್ಲಿ. ಅವರ ಎಡಗೈಯ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಆ ಕೈ ಮುರಿದವನು ನಾನು. ಅದಕ್ಕೆ ಕೋರ್ಟು ಕೊಡುವ ಶಿಕ್ಷೆ ನನಗಿರಲಿ. ನಿಮ್ಮ ಆದೇಶವನ್ನು ರೋಗಿಯ ಕಣ್ಣಿಗೆ ಬೀಳದ ಜಾಗದಲ್ಲಿ ಅಂಟಿಸಿದವರಿಗೆ ಯಾವ ಶಿಕ್ಷೆ?

ನನ್ನ ಅಣ್ಣ ಭೀಮಾಶಂಕರನ ಹರ್ನಿಯಾ ಆಪರೇಷನ್‌ಗೆ ಈ ಕೊರೊನಾ ನಡುವೆ ನಾಲ್ಕು ತಿಂಗಳು ಕಾದು ದಿನ ಸಿಕ್ಕಿತ್ತು. ಕೊಯ್ಯುವ ಮೊದಲು ಬಂದು ಮಾತಾಡಿಸದವನು ನಮ್ಮ ಕಲಬುರಗಿ ಕಡೆ ನೆಂಟನೇ ಅಲ್ಲ. ಆ ವಾರ ಮೂವತ್ತೊಂದು ಜನ ಬಂದರು. ಒಬ್ಬೊಬ್ಬರೂ ಕೈ ಹಿಡಿದು, ಕಿವಿಯ ಹತ್ತಿರ ಬಾಯಿಟ್ಟು ಧೈರ್ಯ ಹೇಳಿದರು. ಆಪರೇಷನ್ ದಿನ ಬೆಳಿಗ್ಗೆ ವರದಿ ಬಂತು: ಪಾಸಿಟಿವ್. "ಏಳು ವಾರ ಬಿಟ್ಟು ಬನ್ನಿ" ಎಂದರು ಸಿಸ್ಟರ್. ನಮ್ಮ ಸರದಿ ಯಾರೋ ದೊಡ್ಡವರಿಗೆ ಹೋಯಿತೆಂದುಕೊಂಡೆ. ಡ್ರಿಪ್ ಸ್ಟ್ಯಾಂಡ್ ಎತ್ತಿದೆ. ಮೊದಲು ಗಾಜು ಹೋಯಿತು, ಆಮೇಲೆ ಕಂಪ್ಯೂಟರ್. "ಅಣ್ಣಾ, ಕೆಳಗಿಡಿ, ಒಳಗೆ ಪೇಷೆಂಟ್ ಇದ್ದಾರೆ" ಎಂದು ಅಡ್ಡ ಬಂದ ಕೈಗೆ ಬಾರಿಸಿದೆ. ಒಣಗಿದ ತೊಗರಿಕಟ್ಟಿಗೆ ಮುರಿದ ಸದ್ದು. ಆ ಸದ್ದು ಕೇಳಿದ ಮೇಲೂ ಇನ್ನೊಂದು ಏಟು ಹಾಕಿದೆ, ಮಾನ್ಯರೇ.

"ಯೋಜಿತ ಶಸ್ತ್ರಚಿಕಿತ್ಸೆಯ ರೋಗಿಯು ಹದಿನಾಲ್ಕು ದಿನ ಯಾರನ್ನೂ ಭೇಟಿಯಾಗತಕ್ಕದ್ದಲ್ಲ" ಎಂಬ ನಿಮ್ಮ ಆದೇಶ ಆಪರೇಷನ್ ಕೋಣೆಯ ಬಾಗಿಲ ಒಳಮಗ್ಗುಲಲ್ಲಿದೆಯಂತೆ. ಎಂಥ ಜಾಣತನ! ರೋಗಿ ಅದನ್ನು ಯಾವಾಗ ಓದಬೇಕು? ಅರಿವಳಿಕೆ ಕೊಡುವಾಗಲೋ, ಹೊಟ್ಟೆ ಕೊಯ್ದ ಮೇಲೋ?

ಆಪರೇಷನ್‌ನ ಹೊಸ ದಿನಕ್ಕೆ ಎರಡೇ ವಾರ ಉಳಿದಿದೆಯೆಂದು, ಆ ಆದೇಶವನ್ನು ಬಾಯಲ್ಲಿ ಹೇಳಲು ಸಿಸ್ಟರೇ ನಮ್ಮ ವಠಾರಕ್ಕೆ ಬಂದರು.

"ಒಬ್ರು ಪೇಷೆಂಟ್, ನೋಡೋಕ್ ಬಂದೋರಿಂದ ಅಂಟಿದ ಜ್ವರ ಮುಚ್ಚಿಟ್ಟು ಆಪರೇಷನ್‌ಗೆ ಮಲಗಿದ್ರು. ಹೊಲಿಗೆ ಚೆನ್ನಾಗೇ ಇತ್ತು. ಉಸಿರು ಸಿಗ್ದೆ, ಒಂಬತ್ತನೇ ದಿನ ನೀರಿಂದ ತೆಗ್ದ ಮೀನಿನ ಹಂಗೆ ಒದ್ದಾಡಿ ಹೋದ್ರು."

"ನೋಡಾಕ ಬರೋದೂ ತಪ್ಪೇನ್ರೀ?" ಎಂದಳು ಅತ್ತಿಗೆ ಪ್ರೇಮಕ್ಕ.

"ಹುಷಾರಾದ್ಮೇಲೆ ಬರ್ಲಿ ಅಕ್ಕಾ. ಈಗ್ಲೇ ಬರೋರಿಗೆ ತಿಥಿ ಊಟಾನೂ ಹಾಕಿ ಕಳಿಸ್ಬಿಡಿ."

ನನ್ನ ಕಡೆ ಅವರು ತಿರುಗಲೂ ಇಲ್ಲ.

ನಾನು ಕೇಳುವುದಿಷ್ಟೇ. ದಿನಾಂಕದ ಚೀಟಿ ಕೊಡುವ ಕಿಟಕಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ. ಕನ್ನಡ, ತಮಿಳು, ಉರ್ದುವಿನಲ್ಲಿ, ನೆಂಟರಿಗೂ ಕೇಳುವಂತೆ ಈ ಕಥೆಯನ್ನು ಹೇಳಿಸಿ. ಈ ತಿಂಗಳೇ ಆಗಬೇಕು.

ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ಕೇಳುತ್ತೀರಾ? ಪ್ರೇಮಕ್ಕ ಅಣ್ಣನ ಬಾಗಿಲಿಗೆ ಅಡ್ಡಲಾಗಿ ಮಂಚ ಎಳೆದು ಕೂತಳು. ಕಲಬುರಗಿಯಿಂದ ಬಂದು ದಂಡು ರೈಲು ನಿಲ್ದಾಣದಲ್ಲಿ ಇಳಿದ ಸೋದರಮಾವನನ್ನು ನಾನು ಬೀದಿಯಲ್ಲೇ ತಡೆದೆ. ಅವರು ಅಲ್ಲಿಂದಲೇ "ಆರಾಮ್ ಇದ್ದೀಯೇನೋ ಭೀಮ್ಯಾ?" ಎಂದು ಕೂಗಿ, ಒಳಗಿನಿಂದ "ಹೂಂ ಮಾಮಾ" ಕೇಳಿಸಿಕೊಂಡು, ನೀರೂ ಕುಡಿಯದೆ ಊರಿಗೆ ತಿರುಗಿ ಹೊರಟರು.

ಇಂತಿ,
ಸದ್ಯ ಜಾಮೀನಿನ ಮೇಲೆ ಹೊರಗಿರುವ ಪ್ರಜೆ,
ಶರಣಬಸವ