ಬೇರಿನ ತಲೆ, ಬೇರಿನ ಬಾಲ

ಶಿಗೌ ಪೇಟೆ, ಗಾನ್ಸು ಪ್ರಾಂತ್ಯ, ಚೀನಾ

ಮೂಲಿಕೆ ವರ್ತಕರ ಸಂಘದ ಅಧ್ಯಕ್ಷ ಗೌ ಅವರಿಗೆ,

ಕಳೆದ ಮಂಗಳವಾರ ನಿಮ್ಮ ಅಂಗಡಿಯವರು ನನ್ನ ಮಗಳು ಯಾಛಿನ್‌ಗೆ ದಾಂಗ್ ಗುಯಿ ಬೇರಿನ ತಲೆ, ಅಂದರೆ ಮೇಲಿನ ಗಡ್ಡೆಯ ಜೊತೆ, ಕೆಳಗಿನ ಬಾಲದ ಎಳೆಗಳನ್ನೂ ಬೆರೆಸಿ ಕೊಟ್ಟಿದ್ದಾರೆ. ಅವಳು ಹಸಿ ಬಾಣಂತಿ, ರಕ್ತಸ್ರಾವ ಆಗಿನ್ನೂ ನಿಂತಿರಲಿಲ್ಲ. ವೈದ್ಯರು ಬರೆದದ್ದು ತಲೆ ಮಾತ್ರ. ಮಡಕೆಗೆ ಹಾಕುವ ಮೊದಲು ತಟ್ಟೆಯಲ್ಲಿ ಹರಡಿ ನೋಡಿದ್ದರಿಂದ ಉಳಿದೆವು.

ವಾಪಸ್ ಒಯ್ದಾಗ ನಿಮ್ಮ ಮಾರಾಟಗಾರ ನಕ್ಕ. "ಟೀಚರಮ್ಮ, ಈಗ ಮಿಷನ್ನು ಇಡೀ ಬೇರನ್ನೇ ಹೆಚ್ಚುತ್ತೆ. ಹೊಟ್ಟೆಗೆ ಹೋದ್ಮೇಲೆ ತಲೆ ಯಾವ್ದು, ಬಾಲ ಯಾವ್ದು?"

"ಹಾಗಾದ್ರೆ ನಾಳೆಯಿಂದ ನಿನ್ನ ಹೆಂಡ್ತಿ ಕೋಳಿ ಸಾರಿಗೆ ಪುಕ್ಕಾನೂ ಹಾಕ್ಲಿ ಕಣಪ್ಪ" ಎಂದು ಬಂದೆ.

ಈ ಬೇರಿನ ಮುಂದೆ ನಾನು ಈ ವಯಸ್ಸಿನಲ್ಲೂ ಬೆರಗಾಗಿ ನಿಲ್ಲುತ್ತೇನೆ. ಗೇಣುದ್ದದ ಒಂದೇ ಜೀವದಲ್ಲಿ ತಲೆ ರಕ್ತವನ್ನು ತಡೆಯುತ್ತದೆ, ನಡು ತುಂಬಿಕೊಡುತ್ತದೆ, ಬಾಲ ಹರಿಸುತ್ತದೆ ಎಂದು ನಮ್ಮ ಹಿರಿಯರು ಕಂಡುಕೊಂಡರು. ಮುಟ್ಟು ತಪ್ಪಿದ ಹುಡುಗಿಗೂ ಮುಟ್ಟು ನಿಲ್ಲುತ್ತಿರುವ ಹೆಂಗಸಿಗೂ ಅದೇ ಬೇರು. ಮಣ್ಣಿನ ಕತ್ತಲಲ್ಲಿ ಕೂತು ಅದು ನಮ್ಮ ಮೈಯನ್ನು ಇಷ್ಟು ಚೆನ್ನಾಗಿ ಅರಿತದ್ದಾದರೂ ಹೇಗೆ? ನನ್ನ ಅಮ್ಮ ಅದರ ಬಾಲದ ಎಳೆಗಳನ್ನು ಮಗಳ ಜಡೆ ಬಿಡಿಸುವಂತೆ ಬಿಡಿಸುತ್ತಿದ್ದರು. ಸಾಮೂಹಿಕ ಬೇಸಾಯದ ಕಮ್ಯೂನಿನ ಹಸಿದ ದಿನಗಳಲ್ಲೂ ನಮ್ಮ ಪೇಟೆಯಲ್ಲಿ ತಲೆ, ಬಾಲ ಒಂದೇ ಬುಟ್ಟಿಗೆ ಬಿದ್ದದ್ದು ನನಗೆ ನೆನಪಿಲ್ಲ.

ರಕ್ತ ನಿಲ್ಲದ್ದಕ್ಕೆ ಆಸ್ಪತ್ರೆಗೆ ಸೇರಿಸಿದ ಯಾಛಿನ್ ಈಗ ಅಲ್ಲಿ ಸುಧಾರಿಸುತ್ತಿದ್ದಾಳೆ. ಆದರೆ ಪೊಟ್ಟಣ ಬಿಚ್ಚಿ ನೋಡದೆ ಕುದಿಸಿದ ಮನೆಗಳ ಗತಿಯೇನು? ಬರುವ ಸಂತೆಯೊಳಗೆ ಅಂಗಡಿಯ ಬಾಗಿಲಲ್ಲಿ, ಅಜ್ಜಿಯರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಉತ್ತರ ಬರೆಸಿ: ಬೆರಕೆ ಪೊಟ್ಟಣಗಳು ಯಾವ ಬಾಣಂತಿಯರಿಗೆ ಹೋಗಿವೆ?

ನಿವೃತ್ತ ಶಿಕ್ಷಕಿ,
ನಿಯೆ ಶುಹೆಂಗ್